ಮುಳ್ಳಕ್ಕನ ನಾಯಿಗೆ ಉಣ್ಣಿ ಹತ್ತಿದ್ದು

ಗಡಿಯಾರ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ನಿಂತುಹೋದ ಗಡಿಯಾರದ ಮುಳ್ಳುಗಳನ್ನು ಓಡಿಸುವವಳು ಎಂಬುದು ಎದುರಿಗೆ ಹೇಳುವ ಕಾರಣ. ಅವಳ ನಾಲಿಗೆಯ ರುಚಿ ಕಂಡವರು ಬೆನ್ನ ಹಿಂದೆ ಹೇಳುವ ಕಾರಣ ಬೇರೆ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ತಕರಾರಿರಲಿಲ್ಲ. ಅಪ್ಪ ಬಿಟ್ಟುಹೋದ ಅಂಗಡಿ, ಅದರ ಬೆನ್ನಿಗೇ ಮನೆ. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ತಮ್ಮ ಒಂದು ದಡ ಸೇರಲಿ" ಎನ್ನುತ್ತ ಬಂದಳು. ತಮ್ಮ ಬಸ್ ಡ್ರೈವರಾಗಿ ದಡ ಸೇರುವ ಹೊತ್ತಿಗೆ ಆ ಮಾತೆತ್ತುವವರೇ ಉಳಿದಿರಲಿಲ್ಲ. ಅದಕ್ಕಾಗಿ ಅವಳು ಕೊರಗಿದವಳಲ್ಲ. ಅವಳಿಗೆ ಸ್ಪ್ರಿಂಗು ಇತ್ತು.

ಸ್ಪ್ರಿಂಗು ಅವಳ ನಾಯಿ. ಕಂದು ಬಣ್ಣ, ದಟ್ಟ ಕೂದಲು, ಒಂದು ಕಿವಿ ನಿಮಿರಿದ್ದು ಇನ್ನೊಂದು ಜೋತುಬಿದ್ದದ್ದು. ಮರಿಯಾಗಿದ್ದಾಗ ಅಂಗಡಿಯ ಮೆಟ್ಟಿಲ ಕೆಳಗೆ ಸುರುಳಿ ಸುತ್ತಿ ಮಲಗಿತ್ತಂತೆ, ಮುಟ್ಟಿದ ಕೂಡಲೇ ಪುಟಿದು ಎದ್ದಿತಂತೆ. ಗಡಿಯಾರದವಳು ಹೆಸರಿಗಾಗಿ ಬೇರೆಲ್ಲಿ ಹುಡುಕಿಯಾಳು? ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಬಗ್ಗಿದರೆ ಅದು ಅವಳ ಪಾದದ ಮೇಲೆ ಗದ್ದ ಊರಿ ಮಲಗುತ್ತಿತ್ತು. ಗಿರಾಕಿಯ ದನಿ ಏರಿದರೆ ಗುರ್ ಎನ್ನುತ್ತಿತ್ತು. "ಇದು ನಾನಲ್ಲದೆ ಬೇರೆಯವರು ಕರೆದ್ರೆ ಬಾಲವನ್ನೂ ಆಡಿಸಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ತಮ್ಮ ಮದುವೆಯಾಗಿ ಹೆಂಡತಿಯನ್ನು ಕರೆತಂದ ಮೇಲೆ ಆ ಮಾತು ಹೇಳುವುದು ಕಷ್ಟವಾಯಿತು.

ತಮ್ಮನ ಹೆಂಡತಿ ಗಿಡ ಮಾರುವ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ಉಗುರಿನ ಸಂದಿಯಲ್ಲಿ ಸದಾ ಮಣ್ಣು, ಮಾತಿಗೆ ಮೊದಲೇ ನಗು. ಬಂದ ಹೊಸದರಲ್ಲೇ ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಏ ಪುಟ್ಟಾ!" ಎಂದಳು ನೋಡಿ, ಮುಳ್ಳಕ್ಕನ ಪಾದದ ಮೇಲಿದ್ದ ಗದ್ದ ಎದ್ದು ಹೋಯಿತು.

"ಅದರ ಹೆಸರು ಸ್ಪ್ರಿಂಗು," ಎಂದಳು ಮುಳ್ಳಕ್ಕ, ಭೂತಗನ್ನಡಿ ತೆಗೆಯದೆ.

"ಗೊತ್ತು ಅಕ್ಕಾ. ಆದ್ರೆ ಪುಟ್ಟ ಅಂದ್ರೂ ಬರುತ್ತೆ ನೋಡಿ!"

ಬರುತ್ತಿತ್ತು, ಅದೇ ಸಂಕಟ. ಅಂದಿನಿಂದ ಸಂಜೆಯಾದರೆ ಸಾಕು, ನಾಯಿ ಅಂಗಡಿಯ ಹೊಸ್ತಿಲ ಮೇಲೆ ಕೂತು ಬೀದಿಯ ತಿರುವನ್ನೇ ನೋಡುತ್ತಿತ್ತು. ಅವಳು ಬಂದಳೋ, ಇಬ್ಬರೂ ರೈಲು ಹಳಿಯ ಪಕ್ಕದ ಬಯಲಿಗೆ ತಿರುಗಾಡಲು ಹೋಗುತ್ತಿದ್ದರು. ಮುಳ್ಳಕ್ಕ ದುಬಾರಿ ಬಿಸ್ಕತ್ತು ತಂದಳು. ಸ್ಪ್ರಿಂಗು ಅದನ್ನು ವಿನಯವಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿ, ಆ ಹುಡುಗಿಯ ಚಾಪೆಯ ಮೇಲೆ ಕೂತು ತಿಂದಿತು. ಅದನ್ನು ಕಂಡ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಕ್ಕಾ, ಅದಕ್ಕೂ ಗೊತ್ತಾಗಿದೆ ಮನೇಲಿ ಯಾರು ಒಳ್ಳೆಯವರು ಅಂತ!" ಮುಳ್ಳಕ್ಕನೂ ನಕ್ಕಳು. ಆದರೆ ಒಳಗೆ ಹೋಗಿ ಪಾತ್ರೆ ತೊಳೆಯುವಾಗ ಒಂದು ಲೋಟ ಅವಳ ಕೈಯಲ್ಲಿ ಸೊಟ್ಟಗಾಯಿತು. ಒಂದು ನಾಯಿಯ ವಿಷಯಕ್ಕೆ ಹೀಗೆ ಹೊಟ್ಟೆ ಉರಿಸಿಕೊಳ್ಳುವುದೇ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ನಾಚಿಕೆಯಾದ ಮಾತ್ರಕ್ಕೆ ಉರಿ ಆರುತ್ತಿರಲಿಲ್ಲ. ತಮ್ಮನನ್ನು ಬಿಟ್ಟುಕೊಟ್ಟಾಯಿತು, ಅಡುಗೆಮನೆ ಬಿಟ್ಟುಕೊಟ್ಟಾಯಿತು, ಇದೊಂದನ್ನಾದರೂ ನನಗೆ ಬಿಡಬಾರದೇ ಎನ್ನಿಸುತ್ತಿತ್ತು.

ಒಂದು ದಿನ ಬೆಳಿಗ್ಗೆ ನಾಯಿಯ ಜೋಲುಕಿವಿ ಸವರುತ್ತಿದ್ದಾಗ ಬೆರಳಿಗೆ ಗಂಟೊಂದು ಸಿಕ್ಕಿತು. ನರೂಲಿ ಇರಬೇಕೆಂದುಕೊಂಡು ಕೂದಲು ಸರಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಬೂದು ಬಣ್ಣದ, ಉಬ್ಬಿದ ಕಾಳಿನಂಥದ್ದು. ಬುಡದಲ್ಲಿ ಸಣ್ಣ ಕಾಲುಗಳು ಆಡುತ್ತಿದ್ದವು. ಉಣ್ಣಿ! ಕೊರಳಪಟ್ಟಿಯ ಅಡಿ ನೋಡಿದರೆ ಅಲ್ಲಿ ಇನ್ನೆರಡು.

ಅಸಹ್ಯವಾಗಬೇಕಿತ್ತು, ಗಾಬರಿಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಖುಷಿ.

"ಇಲ್ಲಿ ಬಾಮ್ಮಾ," ಎಂದು ಕರೆದಳು. "ನಿನ್ನ ಪುಟ್ಟನ ಕಿವಿ ಸ್ವಲ್ಪ ನೋಡು."

ಹುಡುಗಿ ನೋಡಿ ಬಾಯಿಗೆ ಕೈ ಹಚ್ಚಿದಳು. "ಅಯ್ಯೋ, ಇದೆಲ್ಲಿಂದ ಬಂತಕ್ಕಾ?"

"ಇಷ್ಟು ವರ್ಷ ನನ್ನ ಹತ್ರ ಇದ್ದಾಗ ಒಂದೇ ಒಂದು ಇರ್ಲಿಲ್ಲ. ಮೊಣಕಾಲುದ್ದ ಹುಲ್ಲಲ್ಲಿ ದಿನಾ ಹೊರಳಾಡಿಸ್ಕೊಂಡು ಬಂದ್ರೆ ಉಣ್ಣಿ ಹತ್ತದೆ ಮುತ್ತು ಹತ್ತುತ್ತಾ?"

ಹುಡುಗಿಯ ಮುಖ ಪೆಚ್ಚಾಯಿತು. ಪಾಳಿಗೆ ಹೊರಟಿದ್ದ ತಮ್ಮ ಇಣುಕಿ ನೋಡಿ, "ಅದಕ್ಯಾಕೆ ಇಷ್ಟು ರಾದ್ಧಾಂತ? ಬೆಂಕಿಕಡ್ಡಿ ಗೀರಿ ತಾಗಿಸಿ, ತಾನೇ ಉದುರುತ್ತೆ," ಎಂದ. ಅಕ್ಕ, ಹೆಂಡತಿ ಇಬ್ಬರೂ ಒಟ್ಟಿಗೇ ಅವನತ್ತ ಕೆಂಗಣ್ಣು ಬಿಟ್ಟ ಮೇಲೆ ಬಸ್ಸಿಗೆ ಹೊತ್ತಾಯಿತೆಂದು ಜಾಗ ಖಾಲಿ ಮಾಡಿದ.

ಹುಡುಗಿ ಕೆಲಸಕ್ಕೆ ಹೋಗುವುದನ್ನೇ ಕಾದು ಮುಳ್ಳಕ್ಕ ಒಬ್ಬಳೇ ನಾಯಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಹರೆಯದ ಹೆಣ್ಣುಮಗಳು, ಮಾತು ಚುರುಕು. ಸಹಾಯಕ ನಾಯಿಯನ್ನು ಅವುಚಿ ಹಿಡಿದ. ಡಾಕ್ಟರು ಕೈಗವಸು ತೊಟ್ಟು, ಮೊನೆ ಸಣ್ಣಗಿದ್ದ ಚಿಮಟದಿಂದ ಕಿವಿಯ ಹಿಂದಿನದನ್ನು ಹಿಡಿದರು.

"ನೋಡಿ, ಹೊಟ್ಟೆ ಹಿಡೀಬೇಡಿ, ಒಡೆಯುತ್ತೆ. ಚರ್ಮಕ್ಕೆ ಅಂಟಿದ ಹಾಗೆ ಬಾಯಿ ಹತ್ರನೇ ಹಿಡೀಬೇಕು. ತಿರುಚಬಾರದು, ಜಗ್ಗಬಾರದು, ನೇರವಾಗಿ ಒಂದೇ ಸಮ ಎಳೀತಾ ಹೋಗಿ. ಬೆಂಕಿ, ಸೀಮೆಎಣ್ಣೆ ಅಂತೆಲ್ಲ ಹೋಗಬೇಡಿ, ಅದು ಹೆದರಿ ವಿಷ ಒಳಗೆ ಕಕ್ಕುತ್ತೆ. ತೆಗೆದಿದ್ದನ್ನ ಉಗುರಲ್ಲಿ ಕುಕ್ಕದೆ ಸ್ಪಿರಿಟ್ಟಿಗೆ ಹಾಕಿ. ಗಾಯ ಒರೆಸಿ, ಕೈ ತೊಳೀರಿ. ಹೊಸದು ಹತ್ತದ ಹಾಗೆ ಮಾತ್ರೆ ಕೊಡ್ತೀನಿ. ದಟ್ಟ ಕೂದಲು, ಒಳಗೆ ಇನ್ನೂ ಇರ್ತವೆ, ಮೈಯೆಲ್ಲ ದಿನಾ ತಡಕಿ ನೋಡಿ ತೆಗೀರಿ. ಮಂಕಾದ್ರೆ, ಊಟ ಬಿಟ್ರೆ ತಕ್ಷಣ ಕರ್ಕೊಂಡು ಬನ್ನಿ. ಆಮೇಲೆ, ಒಬ್ಬರು ಹಿಡ್ಕೊಳ್ಳಿ, ಒಬ್ಬರು ತೆಗೀರಿ."

ಎಲ್ಲವೂ ಮುಳ್ಳಕ್ಕನ ಕಿವಿಗೆ ಬಿತ್ತು, ಕೊನೆಯ ಮಾತೊಂದನ್ನು ಬಿಟ್ಟು. ಅಥವಾ ಬಿದ್ದರೂ ಅದನ್ನು ಅಲ್ಲೇ ಬಿಟ್ಟುಬಂದಳು. ಚಿಮಟ ಹಿಡಿಯುವುದನ್ನು ನನಗೆ ಯಾರು ಕಲಿಸಬೇಕು? ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಎತ್ತಿ ಕೂರಿಸುವ ಕೈ ಇದು. ಮುದ್ದಾಡಲು, ಹುಲ್ಲಲ್ಲಿ ಹೊರಳಾಡಿಸಲು ಅವಳಿಗೆ ಬರಬಹುದು, ನಾಯಿಗೆ ಕಷ್ಟ ಬಂದಾಗ ಬೇಕಾಗುವವಳು ನಾನೇ. ದಾರಿಯುದ್ದಕ್ಕೂ ಇದನ್ನೇ ಮೆಲುಕು ಹಾಕುತ್ತ ಬಂದಳು.

ಅಂಗಡಿ ರಜೆಯ ದಿನ ಹಿಂದಿನ ಕೋಣೆಯಲ್ಲಿ ಹಾಸಿಗೆಬಟ್ಟೆ ಹರವಿ, ಸ್ಪಿರಿಟ್ಟಿನ ಬಟ್ಟಲಿಟ್ಟು, ಹೊಸ ಚಿಮಟ ತೆಗೆದಳು. ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

"ನಾನು ಹಿಡ್ಕೊಳ್ಳಲಾ ಅಕ್ಕಾ?"

"ಬೇಡ. ಇಷ್ಟು ದಿನ ಹಿಡಿದಿದ್ದು ಸಾಕು," ಎಂದು ಮುಳ್ಳಕ್ಕ ಬಾಗಿಲು ಹಾಕಿಕೊಂಡಳು.

ಸ್ಪ್ರಿಂಗು ಮೊದಲು ಬಾಗಿಲು ನೋಡಿತು, ಆಮೇಲೆ ಚಿಮಟ ನೋಡಿತು. ಮಂಡಿಯಿಂದ ಅದನ್ನು ಒತ್ತಿ ಹಿಡಿದು, ಎಡಗೈಲಿ ಕೂದಲು ಬಿಡಿಸಿ, ಕಂಕುಳ ಬಳಿಯ ಉಣ್ಣಿಗೆ ಬಲಗೈ ಚಾಚಿದಳು. ಗಡಿಯಾರ ಅಲುಗಾಡುವುದಿಲ್ಲ. ನಾಯಿ ಅಲುಗಾಡುತ್ತದೆ. ಅದು ಮೈ ಕೊಡವಿದ ರಭಸಕ್ಕೆ ಚಿಮಟ ಜಾರಿ ಉಣ್ಣಿಯ ಹೊಟ್ಟೆ ಒಡೆಯಿತು, ಬಾಯಿ ಚರ್ಮದಲ್ಲೇ ಉಳಿಯಿತು. ಹಟ ಬಿಡದೆ ಅವಳು ಅದನ್ನು ಕೆದಕಲು ಹೋದಳು. ಸ್ಪ್ರಿಂಗು ಕಿರುಚಿ ಅವಳ ಮಣಿಕಟ್ಟಿಗೆ ಬಾಯಿ ಹಾಕಿತು. ರಕ್ತ ಬರುವಷ್ಟೇನೂ ಕಚ್ಚಲಿಲ್ಲ. ಆದರೆ ಅದುವರೆಗೆ ಅವಳ ಮೇಲೆ ಹಲ್ಲೂರದಿದ್ದ ಬಾಯಿ. ಬಾಗಿಲು ತೆರೆದದ್ದೇ ತಡ, ನಾಯಿ ನೇರ ಆ ಹುಡುಗಿಯ ಮಂಚದ ಕೆಳಗೆ ನುಗ್ಗಿತು.

ಮರುದಿನಕ್ಕೆ ಕಂಕುಳು ಕೆಂಪಾಗಿ ಊದಿತ್ತು. ಕರೆದರೂ ನಾಯಿ ಅವಳ ಬಳಿ ಬರಲಿಲ್ಲ. ಮುಳ್ಳಕ್ಕ ಅಂಗಡಿಯಲ್ಲಿ ಕೂತಳು. ಒಂದು ಕೈಗಡಿಯಾರ ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ನಾಯಿಯ ಮೇಲಿನ ಪ್ರೀತಿಗೆ ಬಾಗಿಲು ಹಾಕಿಕೊಂಡೆನೋ ಅವಳ ಮೇಲಿನ ಉರಿಗೆ ಹಾಕಿಕೊಂಡೆನೋ ಎಂದು ಕೇಳಿಕೊಂಡಳು. ಉತ್ತರ ಹುಡುಕಬೇಕಾದ ಪ್ರಶ್ನೆಯಾಗಿರಲಿಲ್ಲ ಅದು. ಕೊನೆಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

"ಸ್ವಲ್ಪ... ಹಿಡ್ಕೊಳ್ತೀಯಾ? ನನ್ನ ಹತ್ರ ನಿಲ್ತಿಲ್ಲ ಅದು."

ಹುಡುಗಿ ಕೈ ಒರೆಸಿಕೊಂಡು ಬಂದಳು. ಚಾಪೆಯ ಮೇಲೆ ಕಾಲು ನೀಡಿ ಕೂತು, ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡು, ಹುಬ್ಬಿನ ನಡುವೆ ಹೆಬ್ಬೆರಳಿಂದ ಮೆಲ್ಲಗೆ ತೀಡತೊಡಗಿದಳು. ಸ್ಪ್ರಿಂಗು ಕಣ್ಣು ಮುಚ್ಚಿತು. ಅಷ್ಟು ಸಲೀಸಾಗಿ ಅದು ಒರಗಿದ್ದು ಕಂಡು ಮುಳ್ಳಕ್ಕನ ಎದೆಯೊಳಗೆ ಯಾರೋ ಚಿಮಟ ಹಾಕಿ ತಿರುಚಿದಂತಾಯಿತು. ಆದರೂ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದಳು. ಊದಿದ ಜಾಗವನ್ನು ಈ ಸಲ ಕೆದಕದೆ ಒರೆಸಿ ಬಿಟ್ಟಳು. ಕೊರಳ ಸುತ್ತ, ಬೆರಳುಗಳ ಸಂದು, ತೊಡೆಸಂದು, ಬಾಲದ ಬುಡ, ಒಂದನ್ನೂ ಬಿಡದೆ ಕೂದಲು ಬಿಡಿಸಿ ನೋಡುತ್ತ, ಸಿಕ್ಕಿದ್ದನ್ನು ಬಾಯಿಯ ಬುಡಕ್ಕೆ ಹಿಡಿದು ನೇರವಾಗಿ ಎಳೆದಳು. ಒಂದೊಂದೂ ಇಡಿಯಾಗಿ ಬಂದು ಬಟ್ಟಲಿಗೆ ಬಿತ್ತು. ನಾಯಿ ಒಮ್ಮೆಯೂ ಬೆಚ್ಚಲಿಲ್ಲ.

"ಎಷ್ಟು ಹಗುರ ಕೈ ಅಕ್ಕಾ ನಿಮ್ದು," ಎಂದಳು ಹುಡುಗಿ. ನಾಯಿಯ ಹುಬ್ಬು ತೀಡುತ್ತಲೇ, "ಇವರು ಹೇಳಿ ಹೇಳಿ ನಂಗೆ ಸಾಕಾಗಿಹೋಗಿತ್ತು. ನಮ್ಮಕ್ಕ ಹಾಗ್ ಮಾಡ್ತಾಳೆ, ನಮ್ಮಕ್ಕ ಹೀಗ್ ಮಾಡ್ತಾಳೆ. ಚಹಾ ಮಾಡಿಕೊಟ್ರೂ ನಮ್ಮಕ್ಕನ ಚಹಾದ ಹಾಗಿಲ್ಲ. ನಿಮ್ಮನ್ನ ಕಂಡ್ರೇ ಹೊಟ್ಟೆ ಉರೀತಿತ್ತು ನಂಗೆ," ಎಂದಳು.

ಮುಳ್ಳಕ್ಕನ ಕೈ ಗಾಳಿಯಲ್ಲೇ ನಿಂತಿತು. "ನಿಂಗೆ? ನನ್ನ ಕಂಡ್ರೆ?"

"ಹ್ಞೂಂ ಮತ್ತೆ. ಈ ಮನೇಲಿ ನಂಗೆ ಅಂತ ಮೊದಲು ಸಿಕ್ಕಿದ್ದು ಇದೊಂದೇ," ಎಂದು ನಾಯಿಯ ಕಿವಿ ಹಿಡಿದಳು. "ನಿಮಗೆ ಬೇಜಾರಾಗ್ತಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಪುಟ್ಟ ಪುಟ್ಟ ಅಂತ ಇನ್ನೂ ಜೋರಾಗಿ ಕರೀತಿದ್ದೆ."

ಮುಳ್ಳಕ್ಕನಿಗೆ ಬೈಯಬೇಕೆನಿಸಿತು, ಬಾಯಿಗೆ ಬಂದದ್ದು ನಗು. "ಭಲೇ ಇದ್ದೀಯ ಕಣೇ," ಎಂದಳು. "ಸರಿ, ಆ ಕಾಲೆತ್ತು, ಅಲ್ಲಿ ಇನ್ನೊಂದಿದೆ."

ಕೆಲಸ ಮುಗಿದ ಕೂಡಲೇ ಸ್ಪ್ರಿಂಗು ಎದ್ದು ಮೈ ಕೊಡವಿ, ಮುಳ್ಳಕ್ಕನ ಕಡೆ ತಿರುಗಿಯೂ ನೋಡದೆ ಹುಡುಗಿಯ ಹಿಂದೆ ಅಡುಗೆಮನೆಗೆ ನಡೆಯಿತು. ಉರಿ ಮತ್ತೆ ಎದ್ದಿತು, ಸುಳ್ಳೇಕೆ. ಆದರೆ ಈಗ ಅದನ್ನು ಒಬ್ಬಳೇ ಹೊರಬೇಕಾಗಿರಲಿಲ್ಲ. "ನೋಡೇ, ಕೃತಘ್ನ!" ಎಂದು ಗಟ್ಟಿಯಾಗಿ ಕೂಗಿದಳು. ಒಳಗಿನಿಂದ ನಗು ಕೇಳಿತು.

ಊತ ಇಳಿಯಿತು, ಜ್ವರ ಬರಲಿಲ್ಲ. ಮಾತ್ರೆಯ ದೆಸೆಯಿಂದ ಹೊಸ ಉಣ್ಣಿ ಹತ್ತುವುದು ಕಡಿಮೆಯಾಯಿತು. ತಿರುಗಾಟ ನಿಲ್ಲಲಿಲ್ಲ, ಹುಲ್ಲು ಬಿಟ್ಟು ರಸ್ತೆಯ ಅಂಚಿಗೆ ಬಂತು. ಬಂದ ಮೇಲೆ ಇಬ್ಬರೂ ಚಾಪೆ ಹಾಸಿ ಕೂರುತ್ತಾರೆ. ಒಬ್ಬಳು ತಲೆ ಹಿಡಿಯುತ್ತಾಳೆ, ಇನ್ನೊಬ್ಬಳು ಮೈ ತಡಕುತ್ತಾಳೆ. ಉಣ್ಣಿ ಸಿಗದ ದಿನವೂ ಅವರು ಬೇಗ ಏಳುವುದಿಲ್ಲ. ಬೀದಿಯವರ ಸುದ್ದಿ, ನರ್ಸರಿಯ ಮಾಲೀಕನ ಜಿಪುಣತನ, ಎಲ್ಲವೂ ನಾಯಿಯ ಬೆನ್ನ ಮೇಲೇ ಆಗಬೇಕು. ನಾಯಿ ಈಗಲೂ ಮಲಗುವುದು ಹುಡುಗಿಯ ಚಾಪೆಯ ಮೇಲೇ.

ಇತ್ತೀಚೆಗೆ ಒಂದು ಸಂಜೆ ತಮ್ಮ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತ. ಅವನು ಬಂದದ್ದನ್ನು ಯಾರೂ ಗಮನಿಸಲಿಲ್ಲ, ನಾಯಿಯೂ ಸಹ.

"ಅಲ್ಲ, ಹಗಲೆಲ್ಲ ಬಸ್ ಓಡಿಸಿ ಬರೋನಿಗೆ ಒಂದು ಲೋಟ ನೀರು ಕೇಳೋರಿಲ್ಲ ಈ ಮನೇಲಿ. ನಾಯಿಗೆ ಮಾತ್ರ ಇಬ್ಬಿಬ್ಬರ ಸೇವೆ!" ಎಂದ.

ಮುಳ್ಳಕ್ಕ ತಲೆಯೆತ್ತಿ ಅವನ ಮುಖ ನೋಡಿದಳು. ಆ ಮುಖದಲ್ಲಿದ್ದ ಉರಿಯ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಪಾಪ ಎನ್ನಿಸಿತು, ಒಳಗೊಳಗೇ ಸ್ವಲ್ಪ ಹಿತವೂ ಆಯಿತು.

"ನೀರು ಅಲ್ಲೇ ಇದೆ, ಕುಡಿ," ಎಂದು ಮತ್ತೆ ಸ್ಪ್ರಿಂಗುವಿನ ಬೆರಳ ಸಂದಿಗೆ ಬಗ್ಗಿದಳು.