ಕರಕರಿ

ಕೇಬಲ್ಲು ತಗಸಿದ್ದು ದೊಡ್ಡ ವಿಚಾರ ಮಾಡಿ ಅಲ್ರಿ, ಬ್ಯಾಸರಾಗಿ. ತಿಂಗಳ ಮುಗೀತಂದ್ರ ಸಾಕು, 'ರೀಚಾರ್ಜ್ ಮಾಡ್ರಿ' ಅಂತ ಟೀವಿ ಮ್ಯಾಲ ಒಂದು ಪಟ್ಟಿ ಬಂದು ಕುಂಡ್ರತಿತ್ತು. ಮನಿಯವ್ರ ಗುಳಿಗಿ ತರಬೇಕೋ, ಆ ಪಟ್ಟಿ ಓಡಸಬೇಕೋ? ಗುಳಿಗಿ ತಂದೆ. ಟೀವಿ ತಾನೇ ಕರ್ರಗಾಗಿ ಕುಂತತು. ಕುಂಡ್ರಲಿ ಬಿಡು ಅಂದೆ.

ನಮ್ಮ ಮನಿಯವ್ರು ಹತ್ತಿ ಅಂಗಡ್ಯಾಗ ಲೆಕ್ಕಾ ಬರಿಯೋ ಕೆಲಸದಾಗ ಇದ್ರು. ಹೋದ ದೀಪಾವಳಿ ಮುಂದ ಲಕ್ವಾ ಹೊಡದು ಬಲಗೈ, ಬಲಗಾಲು, ನಾಲಿಗಿ ಎಲ್ಲಾ ಕೂಡೇ ಹೋದವು. ವಿದ್ಯಾನಗರದ ದವಾಖಾನಿಯಿಂದ ಬೆಂಗೇರಿ ಬಾಡಿಗಿ ಮನಿಗೆ ಕರಕೊಂಡು ಬಂದಾಗ ಅವ್ರ ಬಾಯಾಗ ಉಳದದ್ದು ಒಂದೇ ಮಾತು. ಖರೇ. ಅದನ್ನೂ ಒಂದು ಸಲ ಅಂತಿದ್ದಿಲ್ಲ, 'ಖರೇ ಖರೇ' ಅಂತ ಜೋಡೀಲೇ ಅನ್ನೋರು. ನಮ್ಮ ಕಡೆ ಮಂದಿ ಹಂಗೇ ಅಂತಾರಲ್ರಿ, ಯಾರರೆ ಏನರೆ ಹೇಳಿದ್ರ ಗೋಣ ಹಾಕಿ 'ಖರೇ ಖರೇ' ಅಂತೇವಿ. ಅದಕ್ಕ ಯಾರಿಗೂ ಸಂಶೇ ಬರಲಿಲ್ಲ. ಎಲ್ಲಾ ಮಾತು ಹೋಗಿ ಒಪ್ಪಿಗಿ ಮಾತೊಂದು ಉಳದೈತಿ, ನಿನ್ನ ಪುಣ್ಯಾ ಅಂದ್ರು ನೋಡಾಕ ಬಂದವ್ರು.

ಪುಣ್ಯಾ ಏನು ಬಂತ್ರಿ! 'ಉಪ್ಪಿಟ್ಟು ಮಾಡ್ಲೇನ್ರಿ?' 'ಖರೇ ಖರೇ.' 'ಫ್ಯಾನ್ ಹಾಕ್ಲಿ?' 'ಖರೇ ಖರೇ.' 'ಬಂದ್ ಮಾಡ್ಲಿ?' 'ಖರೇ ಖರೇ.' ಹಾಕಬೇಕೋ ಬಂದ್ ಮಾಡಬೇಕೋ ನೀವೇ ಹೇಳ್ರಿ. ಟೀವಿ ಹಚ್ಚಿದ್ರ ಮಾತ್ರ ಸಿಟ್ಟಿಗೆದ್ದು ಎಡಗೈಲೆ ಟಾವೆಲ್ಲು ಅದರ ಮ್ಯಾಲ ಬೀಸಿ ಒಗೀತಿದ್ರು. ಬ್ಯಾನಿ ಸಿಟ್ಟು ಅಂತ ತಿಳದು ನಾನು ಸುಮ್ಮಕಾಗತಿದ್ದೆ. ಬಾಂಡೆ ತಿಕ್ಕಬೇಕು, ಅವ್ರ ಅರಬಿ ಒಗೀಬೇಕು, ಮೈ ಒರಸಬೇಕು, ಹೊಳ್ಳಿ ಮಲಗಸಬೇಕು. ನಾ ಒಳಗ ಇದ್ದ ಹೊತ್ತಿನ್ಯಾಗ ಯಾರರೆ ಅವ್ರ ಮುಂದ ಮಾತಾಡಬೇಕಲ್ಲ? ಧಾರಾವಾಹಿ ಅತ್ತಿ-ಸೊಸಿನೇ ಮಾತಾಡ್ಲಿ ಅಂತ ಬಿಟ್ಟಿದ್ದೆ.

ಒಂದಿನ ಬಾಜೂಮನಿ ಅಕ್ಕಾರು ಬಂದು ಅವ್ರ ಮುಂದ ಕುಂತು, 'ನಿಮ್ಮ ಸಲುವಾಗಿ ನಿಮ್ಮ ಮನಿಯಾಕಿ ಸೊರಗಿ ಅರ್ಧಾ ಆಗ್ಯಾಳ ನೋಡ್ರಿ' ಅಂದ್ರು. 'ಖರೇ ಖರೇ' ಅಂದ್ರು ಇವ್ರು. ನಾನು ಚಾ ತರೋ ನೆಪ ಮಾಡಿ ಒಳಗ ಹೋಗಿ, ಸೆರಗು ಬಾಯಾಗ ತುರುಕೊಂಡು ಅತ್ತೆ. ಲಗ್ನಾದಾಗಿಂದ 'ದಣದೀಯೇನು' ಅಂತ ಒಂದು ಮಾತು ಕೇಳಿದ ಮನಷ್ಯಾ ಅಲ್ಲ ಅದು. ಆ ಒಂದು 'ಖರೇ' ಮ್ಯಾಲೇ ನಾನು ಇಡೀ ಬ್ಯಾಸಗಿ ಕಳದೆ.

ಆದ್ರೂ ಮೈಯಾಗಿನ ದಣಿವು ಮಾತಿಲೆ ಹೋಗತೈತೇನು? ಅವ್ರನ್ನ ಎತ್ತಿ ಕುಂಡ್ರಸಿದ್ರ ನನ್ನ ನಡಾ ಕಟ್ ಅಂತಿತ್ತು. ಮೈದುನ ಅದನ್ನ ನೋಡಿದ. ಒಳ್ಳೇಂವ ಅಂವ, ಸುಳ್ಳ್ಯಾಕ ಹೇಳ್ಲಿ. ಇಂಥಾವ್ರನ್ನ ಇಟಗೊಂಡು ನೋಡಿಕೊಳ್ಳೋ ಮನಿ ರಾಯಾಪುರದ ಕಡೆ ಒಂದು ಐತಂತ ತಾನೇ ಹೋಗಿ ನೋಡಿಕೊಂಡು ಬಂದ. 'ವೈನಿ, ನೀವೂ ಹಾಸಿಗಿ ಹಿಡದ್ರ ಯಾರು ಯಾರನ್ನ ಎತ್ತೋರು?' ಅಂದ. ಆಮ್ಯಾಲ ಅಣ್ಣನ ಕೈ ಹಿಡದು, 'ಅಲ್ಲಿ ಛಲೋ ನೋಡಿಕೋತಾರ, ಹೋಗ್ತಿಯಲ್ಲ?' ಅಂತ ಕೇಳಿದ. 'ಖರೇ ಖರೇ.' ಮತ್ತೊಮ್ಮಿ ಕೇಳಿದ, ಮತ್ತ ಅದೇ ಬಂತು. ಸೋಮವಾರ ಗಾಡಿ ತರತೇನಿ ಅಂತ ಹೇಳಿ ಹೋದ. ನನಗ ಎದಿ ಹಗರಾತು. ಹೌದ್ರಿ, ಹಗರಾತು. ಅವ್ರ ಬಾಯಿಲೇ ಬಂದ ಮ್ಯಾಲ ನಂದೇನೈತಿ ಅಂತ ಆ ರಾತ್ರಿ ಮೈಮರತು ಮಲಗಿದೆ.

ಟೀವಿ ಕರ್ರಗಾಗಿದ್ದೂ ಆ ವಾರದಾಗೇ. ಐತವಾರ ಸಂಜೀಕ ಅವ್ರ ಅರಬಿ ತುಂಬಾಕ ಅಟ್ಟದ ಮ್ಯಾಲಿನ ಚೀಲ ಜಗ್ಗಿದೆ. ಚೀಲದ ಹಿಂದೇ ಇವ್ರ ಹಳೇ ರೇಡಿಯೋ ಕೈಗೆ ಬಂತು. ಈ ಎಫ್ಎಮ್ಮು ಗಿಫ್ಎಮ್ಮು ಅಲ್ರಿ, ಶಾರ್ಟ್‌ವೇವ್ ಹಿಡಿಯೋ ರೇಡಿಯೋ. ನಾ ಹೊಸದಾಗಿ ಈ ಮನಿಗೆ ಬಂದಾಗ ಸಂಜೀಕ ಇವ್ರು ಅಂಗಡಿಯಿಂದ ಬಂದು, ಕಿಡಕ್ಯಾಗಿಂದ ಪ್ಯಾರಲಗಿಡದ ತನಕಾ ತಂತಿ ಕಟ್ಟಿ, ಕಿವಿ ಹಚ್ಚಿ ಕುಂಡ್ರತಿದ್ರು. ಯಾವದೋ ದೇಶದಾಕಿ ಹಿಂದಿ ಭಾಷೆದಾಗ ಸುದ್ದಿ ಓದತಿದ್ಲು, ಇನ್ನೊಂದು ಕಡೆ ಅರಬ್ಬಿ, ಮತ್ತೊಂದು ಕಡೆ ಚೀನಾದವ್ರು. ಅವ್ರ ಮಾತಿಗಿಂತಾ ನಡುವಿನ ಕರ್‍ರ್ ಕರ್‍ರ್ ಸಪ್ಪಳನೇ ಜಾಸ್ತಿ. 'ಏನ್ರಿ ಇದು ಕರಕರಿ, ಬಂದ್ ಮಾಡ್ರಿ!' ಅಂತ ನಾ ಒದರತಿದ್ದೆ. ಒದರಿ ಒದರಿ ಅದರ ಹೆಸರೇ ಕರಕರಿ ಆತು. ಅಂಗಡಿಯಿಂದ ಬಂದವ್ರು ಚಪ್ಪಲಿ ಬಿಡೂದ್ರಾಗ, 'ಎಲ್ಲೆ ಐತಿ ನನ್ನ ಕರಕರಿ?' ಅಂತ ಕೇಳವ್ರು. ಟೀವಿ ಬಂದ ಮ್ಯಾಲ ಅದು ಅಟ್ಟಾ ಹತ್ತಿತು.

ಮನಿ ಬಿಕೋ ಅಂತಿತ್ತು. ಏನರೆ ಒಂದು ಸಪ್ಪಳ ಇರಲಿ ಅಂತ ಮೂಲಿ ಅಂಗಡ್ಯಾಗ ಸೆಲ್ಲು ತಂದು ಹಾಕಿದೆ. ನನ್ನ ಸಲುವಾಗೇ ಹಾಕಿದ್ದು, ಅವ್ರ ಸಲುವಾಗಿ ಅಲ್ಲ. ರೇಡಿಯೋದ ಕಿವಿ ತಿರವಿದೆ. ಕರ್‍ರ್ ಅಂತು.

ಹಾಸಿಗ್ಯಾಗಿಂದ ಗೋಣ ಮ್ಯಾಲೆದ್ದಿತು. 'ಖರೇ ಖರೇ!' ಎಡಗೈ ಚಾಚಿ, ಬಾಯಿ ಸೊಟ್ಟ ಮಾಡಿ ಮತ್ತ 'ಖರೇ ಖರೇ!' ಕಣ್ಣಾಗ ನೀರು. ನಾನು ಅವ್ರಿಗೆ ಏನೂ ಕೇಳಿರಲೇ ಇಲ್ಲ. ಈ ಸಲ ಅದು 'ಕರಕರಿ' ಅಂದಂಗ ಕೇಳಿತು, ನನಗೇ ಅನ್ನಾಕತ್ತಾರೇನೋ ಅಂತ ಒಂದು ಗಳಿಗಿ ಅನಿಸಿತು ನೋಡ್ರಿ. ಆಮ್ಯಾಲ ಕೈಯಾಗಿನ ರೇಡಿಯೋ ನೋಡಿದೆ. ಅಯ್ಯ ನನ್ನ ಶಿವನೇ! ಸೊಟ್ಟ ಬಾಯಾಗ ಕರಕರಿ ಅಂದ್ರ ಖರೇ ಖರೇ ಆಗದ ಇನ್ನೇನಾಗಬೇಕು? ಇಷ್ಟು ದಿನಾ ಆ ಜೀವ ರೇಡಿಯೋ ಬೇಕಂತ ಕೇಳೇತಿ, ನಾವು ಎದರಿಗೆ ಟೀವಿ ಹಚ್ಚಿ ಕುಂಡ್ರಿಸೇವಿ.

ಅವ್ರನ್ನ ಎತ್ತಿ ಕುಂಡ್ರಸಿ ರೇಡಿಯೋ ಅವ್ರ ತೊಡೀ ಮ್ಯಾಲ ಇಟ್ಟೆ. ಎಡಗೈಲೆ ಅವ್ರು ಕಿವಿ ತಿರವಿದ್ದು, ಕೂಸಿನ ತಲಿ ಸವರಿದಂಗ. ಕರ್‍ರ್ ಸಪ್ಪಳದಾಗಿಂದ ಯಾರೋ ಒಬ್ಬಾಕಿ ಹಾಡು ಎದ್ದು ಬಂತು, ಮುಳಗಿತು, ಮತ್ತ ಬಂತು. ಯಾವ ಭಾಷೆನೋ ಆ ಶಿವನಿಗೇ ಗೊತ್ತು. ಅವ್ರ ಮಾರಿ ಮ್ಯಾಲ ದೀಪಾವಳಿ ಹಿಂದಿನ ನಗಿ ಕಂಡೆ.

ನಾನು ಗ್ವಾಡಿಗೆ ಆತು ಕುಂತೆ. ಉಪ್ಪಿಟ್ಟಿಗೆ ಅಂದದ್ದೂ ರೇಡಿಯೋ, ಫ್ಯಾನಿಗೆ ಅಂದದ್ದೂ ರೇಡಿಯೋ. ರಾಯಾಪುರಕ್ಕ ಹೋಗ್ತೀಯೇನು ಅಂದ್ರೂ ಪಾಪ ರೇಡಿಯೋನೇ ಕೇಳ್ಯಾರ. ಹಂಗಾರ ಬಾಜೂಮನಿ ಅಕ್ಕಾರು 'ಸೊರಗಿ ಅರ್ಧಾ ಆಗ್ಯಾಳ' ಅಂದಾಗ? ಅದೂ ರೇಡಿಯೋನೇ. ನನಗ ಸಿಟ್ಟು ಬಂತು, ಭಾಳ ಬಂತು. ನನ್ನ ಪಾಲಿಗೆ ಇದ್ದದ್ದೇ ಅದೊಂದು ಮಾತು, ಅದನ್ನೂ ಈ ಡಬ್ಬಿ ತಗೊಂಡು ಹೋತು.

ಸಿಟ್ಟಿನ್ಯಾಗೇ ಮೈದುನಗ ಫೋನ್ ಹಚ್ಚಿದೆ. 'ನಾಳೆ ಗಾಡಿ ತರಬ್ಯಾಡಪಾ.'

'ಯಾಕ ವೈನಿ? ಅಣ್ಣ ಖರೇ ಅಂದಾನಲ್ಲ?'

'ಅವ್ರು ಖರೇ ಅಂದಿಲ್ಲಪಾ. ರೇಡಿಯೋ ಅಂದಾರ.'

'ವೈನಿ, ನೀವು ಊಟಾ ಮಾಡೀರೇನು?' ಅಂದ.

ಅರಬಿ ಹೊಳ್ಳಿ ಗೂಟಕ್ಕ ಹಾಕಿದೆ. ಈಗ ದಿನಾ ಸಂಜೀಕ ನಮ್ಮ ಮನ್ಯಾಗ ಕರಕರಿ. ಮದಲಿನಷ್ಟು ಸ್ಟೇಶನ್ನೂ ಉಳದಿಲ್ಲ, ಭಾಳ ಮಂದಿ ಅಂಗಡಿ ಮುಚ್ಚಿಕೊಂಡು ಹೋಗ್ಯಾರ. ಲೈಟ್ ಹಚ್ಚಿದ್ರ ರೇಡಿಯೋ ಗುಂಯ್ ಅಂತೈತಿ, ಅದಕ್ಕ ಮಬ್ಬಿನ್ಯಾಗೇ ಕುಂಡ್ರತೇವಿ. ಸಿಕ್ಕ ಸ್ಟೇಶನ್ನಿನ್ಯಾಗ ಇವ್ರು ನಿಂದ್ರಂಗಿಲ್ಲ, ಬಿಟ್ಟು ಮುಂದ ಹೋಗ್ತಾರ. ಹುಡುಕೋದೇ ಬೇಕು ಅವ್ರಿಗೆ. ರೀಚಾರ್ಜಿನ ಪಟ್ಟಿ ಒಂದು ತಪ್ಪಿತು, ಅಷ್ಟೇ. ಎತ್ತೋದು, ಒರಸೋದು, ಒಗಿಯೋದು ಇದ್ದಂಗೇ ಐತಿ. ಗಾಡಿ ಬ್ಯಾಡ ಅಂದದ್ದು ತಪ್ಪಾತೇನೋ ಅಂತ ನಡಾ ದಿನಾ ಕೇಳತೈತಿ.

ನಿನ್ನೆ ಸಂಜೀಕ ಮೈ ಒರಸಿದ ಬೋಗುಣಿ ಬಾಜೂಕಿಟ್ಟು ಅವ್ರ ಹಾಸಿಗಿ ಕಡೀಕ ಕುಸದು ಕುಂತೆ. ಏಳಾಕ ಆಗಲಿಲ್ಲ. ಯಾರಿಗೆ ಅಂದ್ನೋ ಗೊತ್ತಿಲ್ಲ, 'ನನಗ ಭಾಳ ಸಾಕಾಗೇತ್ರಿ' ಅಂದೆ.

ತಿರವೋ ಕೈ ನಿಂತಿತು. ಅವ್ರು ನನ್ನ ಮಾರಿ ನೋಡಿದ್ರು.

'ಖರೇ' ಅಂದ್ರು. ಒಂದೇ ಸಲ.

ರೇಡಿಯೋ ಅವ್ರ ತೊಡೀ ಮ್ಯಾಲೇ ಇತ್ತು.