ಮುಂಗಡ ಕೊಟ್ಟ ಆಪರೇಷನ್

ಸೊಸೆಗೆ ಮುಟ್ಟಿನ ರಕ್ತ ನಿಲ್ಲದೆ ಬಹಳ ದಿನವಾಗಿತ್ತು. ಮಗ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅವರು ಸ್ಕ್ಯಾನ್ ಮಾಡಿ, ಗರ್ಭಕೋಶ ತೆಗೆಯಬೇಕು, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುತ್ತದೆ ಎಂದರು. ಮಗ ಹೆದರಿ ಅಲ್ಲೇ ಮುಂಗಡ ಕೊಟ್ಟು ಬಂದ.

ನಮ್ಮದು ಕುರಿ ಸಾಕುವ ಮನೆ. ಜಗಳೂರಿನ ಕಡೆ ಕುರಿಗೆ ಮುಂಗಡ ಹಿಡಿದರೆ ಮಾತು ಮುಗಿಯಿತು. ಮರುದಿನ ಹೆಚ್ಚಿಗೆ ಕೊಡುವವನು ಬಂದರೂ ಆ ಕುರಿ ಅವನಿಗಿಲ್ಲ. ಹಾಗಾಗಿ ಈ ಆಪರೇಷನ್ನೂ ಆಗಲೇಬೇಕು ಎಂದುಕೊಂಡೆವು. ಸೊಸೆ ಅಳಲಿಲ್ಲ, ಮಾತೂ ಆಡಲಿಲ್ಲ. ರೊಟ್ಟಿ ಬಡಿಯುತ್ತಾ ಕೂತಳು.

ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಆಗಬೇಕಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ ಎಂದು ಪಕ್ಕದ ಮನೆಯವಳು ಹೇಳಿದಳು. ಅಷ್ಟಾದರೂ ಉಳಿಯಲಿ ಎಂದು ನಾನೇ ಸೊಸೆಯನ್ನು ಬಸ್ಸು ಹತ್ತಿಸಿಕೊಂಡು ಹೋದೆ. ಪರೀಕ್ಷೆ ಯಾಕೆ ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು. ಹೇಳಿದೆ. ಸ್ಕ್ಯಾನ್ ನೋಡಿದರು, ಸೊಸೆಯನ್ನು ಪರದೆಯ ಹಿಂದೆ ಕರೆದು ಪರೀಕ್ಷಿಸಿದರು.

"ಅಜ್ಜಿ, ತೆಗೆಯುವಂಥದ್ದು ಏನೂ ಇಲ್ಲ. ಮಾತ್ರೆಲೇ ವಾಸಿ ಆಗುತ್ತೆ."

"ಆಗಾಕಿಲ್ಲ ಕಣ್ರೀ ಡಾಕ್ಟ್ರಮ್ಮ. ಮುಂಗಡ ಕೊಟ್ಟು ಬಿಟ್ಟೈತೆ."

"ಇದೇನು ಕುರಿ ವ್ಯಾಪಾರನಾ? ಆಪರೇಷನ್ ಟೇಬಲ್ ಮೇಲೆ ಮಲಗಿದ ಮೇಲೂ ಬೇಡ ಅನ್ನಬಹುದು. ಮೈ ಅವಳದು." ಆಮೇಲೆ ಸೊಸೆಯ ಕಡೆ ತಿರುಗಿದರು. "ನಿನಗೇನು ಬೇಕಮ್ಮ?"

ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ನಂಗಿನ್ನೊಂದು ಮಗು ಬೇಕ್ರೀ," ಎಂದಳು, ನನ್ನ ಮುಖ ನೋಡದೆ.

"ಮೊದ್ಲೇ ಬಾಯಿ ಬಿಡಾಕೆ ಏನಾಗಿತ್ತೇ ನಿಂಗೆ?" ಎಂದೆ.

"ಕೇಳಿದ್ರಾ ಅತ್ತೆ ನೀವು? ಕುರಿಗಾದ್ರೆ ಹಲ್ಲು ನೋಡಾಕಾದ್ರೂ ಬಾಯಿ ತೆಗಿಸ್ತೀರಿ."

ಡಾಕ್ಟರಮ್ಮ ನಕ್ಕುಬಿಟ್ಟರು. ನನಗೂ ನಗು ಬಂತು.

ಔಷಧಿ ಕೊಡುವ ಕಿಟಕಿಯಲ್ಲಿ ಮಾತ್ರೆ ಕೊಟ್ಟರು. ಯಾರೂ ದುಡ್ಡು ಕೇಳಲಿಲ್ಲ. ಅಲ್ಲಿಂದ ಸೀದಾ ನರ್ಸಿಂಗ್ ಹೋಮಿಗೆ ಹೋಗಿ ಆಪರೇಷನ್ ಬೇಡ ಎಂದೆ.

"ಮುಂಗಡ ವಾಪಸ್ ಬರಲ್ಲ ಅಜ್ಜಿ," ಎಂದ ಕೌಂಟರಿನವನು.

"ನೀವೇ ಇಟ್ಕಳ್ರಿ. ಗರ್ಭಕೋಶ ನಮ್ಮನೇಲೇ ಇರ್ಲಿ."

ಹೊರಗೆ ಬಂದಾಗ ಸೊಸೆ ಹಸಿವು ಎಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಆ ಮಾತು ಬಂತು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು.

ಮುಂದಿನ ತಿಂಗಳು ರಕ್ತ ಹೊತ್ತಿಗೆ ಸರಿಯಾಗಿ ನಿಂತಿತು. ಮಗುವಿನ ವಿಷಯ ಗಂಡ ಹೆಂಡತಿಗೆ ಬಿಟ್ಟದ್ದು, ನಾನು ಕೇಳುವುದಿಲ್ಲ. ಸೊಸೆ ಈಗ ಮೊದಲಿನ ಹಾಗೆ ಜೋರಾಗಿ ಮಾತಾಡುತ್ತಾಳೆ. ಕುರಿ ಹಟ್ಟಿಯವರೆಗೂ ಕೇಳಿಸುತ್ತದೆ.