ಶಾಂತವ್ವನ ಹಿಂದೆ ಮೂರು ಊರು

ಆಳಂದದ ನಿಲ್ದಾಣದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಹೆಗಲಿಗೆ ಕಡ ತಂದ ಟೇಪ್ ರೆಕಾರ್ಡರ್ ಇತ್ತು, ಹೊಟ್ಟೆಯಲ್ಲಿ ಕಿಚ್ಚಿತ್ತು. ಹದಿನೈದು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿದವನು ನಾನು. ಹಿಂದಿನ ತಿಂಗಳು ನಮ್ಮೂರ ಸಭೆಯೊಂದರಲ್ಲಿ ಒಂದು ತಾಸು ಹಾಡಿದ್ದೆ. ಜನ ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದು ಹೋದರು. ನನ್ನ ನಂತರ ಕಿಣ್ಣಿ ಸುಲ್ತಾನ ಹಳ್ಳಿಯ ಶಾಂತವ್ವ ಏಕತಾರಿ ಹಿಡಿದಳು. ಹೊಲದ ಕೆಲಸದ ಹೆಣ್ಣುಮಗಳು, ಓದು ಬಾರದು. ಎದ್ದು ಹೋದವರೆಲ್ಲ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದು ಓಡಿ ಬಂದರು. ಆಕೆಯ ಗುಟ್ಟು ಹಿಡಿಯಲೇಬೇಕೆಂದು ಅವತ್ತೇ ನಿಶ್ಚಯಿಸಿದೆ.

ಆಕೆ ಹಾಡಲು ಹೊರಟ ಊರುಗಳಲ್ಲಿ ಮೊದಲನೆಯದು ಮಟಕಿ. ಹೊಸ ಮನೆಯ ಪೂಜೆಗೆ ಆಕೆಯನ್ನು ಕರೆಸಿದ್ದರು. ದಮ್ಮಡಿ ಬಾರಿಸುವ ಮೌಲಾಸಾಬ ಜೊತೆಗಿದ್ದ. ಮಧ್ಯಾಹ್ನದ ಊಟವಾದ ಮೇಲೆ ಆಕೆ, ಬಾವಿಗೆ ಹೋದವಳೊಬ್ಬಳು ಕೊಡ ಮರೆತು ಬಂದ ಕತೆಯ ಪದ ಎತ್ತಿಕೊಂಡಳು. ನಾಲ್ಕೇ ನುಡಿ. ಎರಡನೆಯ ನುಡಿಯಲ್ಲಿ ದನಿಯನ್ನು ಎಷ್ಟು ಕೆಳಗಿಳಿಸಿದಳೆಂದರೆ, ನೀರಿಗೆ ಹಗ್ಗ ಬಿಟ್ಟಂತಾಯಿತು. ನಾನು ಟೇಪಿನ ಗುಂಡಿ ಒತ್ತಿಕೊಂಡು ಕುಳಿತಿದ್ದೆ. ಪೂರ್ತಿ ಸಿಕ್ಕಿತು.

ಮರುದಿನ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋದೆ. ದಾರಿಯ ಎರಡೂ ಕಡೆ ತೊಗರಿ, ಹಾಲುಗಾಳಿನ ಜೋಳ. ಚಳಿಗೆ ಕಿಟಕಿ ಮುಚ್ಚಿಕೊಂಡು ಟೇಪನ್ನು ಕಿವಿಗೊತ್ತಿ ಆ ಪದವನ್ನು ಮತ್ತೆ ಮತ್ತೆ ಕೇಳಿದೆ. ಪಕ್ಕದ ಮುದುಕರು ಯಾರದೋ ಸಾವಿನ ಸುದ್ದಿ ಕೇಳುತ್ತಿದ್ದೇನೆಂದು ತಿಳಿದು ಸಮಾಧಾನ ಹೇಳಿದರು. ಜೇವರ್ಗಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಸಂಜೆ ಅದೇ ಪದ ಬಂತು. ಆದರೆ ಮಟಕಿಯಲ್ಲಿ ಜನರ ಕಣ್ಣು ತುಂಬಿಸಿದ ನುಡಿಗೆ ಇಲ್ಲಿ ಜನ ನಕ್ಕರು. ಕೊಡ ಮರೆತವಳನ್ನು ಆಕೆ ಜಾಣೆಯನ್ನಾಗಿ ಮಾಡಿಬಿಟ್ಟಿದ್ದಳು. ನನಗೆ ಮೈ ಉರಿಯಿತು. ನಾನು ಒಂದು ಹಾಡನ್ನು ಹದಿನೈದು ವರ್ಷ ಒಂದೇ ರೀತಿ ಹಾಡಿದವನು.

ಯಾವ ಊರಲ್ಲಿ ಹೇಗೆ ಹಾಡಬೇಕೆಂದು ಮೊದಲೇ ಗೊತ್ತು ಮಾಡಿರುತ್ತಾಳೇನು ಎಂದು ಮೌಲಾಸಾಬನನ್ನು ಕೇಳಿದೆ.

“ಆಕೀಗೇ ಗೊತ್ತಿರಂಗಿಲ್ರಿ ಮಾಸ್ತರ,” ಅಂದ. “ಹಾಡಿದ್ದು ಅಲ್ಲೇ ಬಿಟ್ಟು ಬರ್ತಾಳ. ನಾ ಬೆನ್ನಹತ್ತಿ ಬಾರಿಸ್ತೇನಿ, ಅಷ್ಟ.”

ಸುಳ್ಳು ಎಂದುಕೊಂಡೆ.

ಮೂರನೆಯ ದಿನ ನಸುಕಿನ ಬಸ್ಸಿಗೆ ಅಫಜಲಪುರದ ಮೇಲಿಂದ ಕರಜಗಿಗೆ. ಕಬ್ಬಿನ ಗಾಣ ಹೂಡುವ ದಿನ, ಬೆಳಗಿನ ಪೂಜೆ. ಹಸಿ ಜೋಳ ಸುಟ್ಟ ಸೀತನಿ, ಖಾರದ ಶೇಂಗಾ ಹಿಂಡಿ, ಲೋಟ ತುಂಬ ಕಬ್ಬಿನ ಹಾಲು ಕೊಟ್ಟರು. ಅಲ್ಲೊಂದು ಪದ್ಧತಿ: ಗಾಣದ ಯಜಮಾನರು ಎಲ್ಲರಿಗಿಂತ ದೂರದಿಂದ ಬಂದವರ ಕೈಗೆ ಏಕತಾರಿ ಕೊಡುತ್ತಾರೆ. ಕೈಗೆ ಬಂದ ಮೇಲೆ ಒಲ್ಲೆ ಎನ್ನುವಂತಿಲ್ಲ. ಶಾಂತವ್ವನೂ ಆಳಂದದ ಕಡೆಯವಳೇ, ಆದರೆ ಆಕೆ ಪ್ರತಿ ವರ್ಷ ಬರುವವಳು, ಮನೆಮಗಳ ಲೆಕ್ಕ. ಏಕತಾರಿ ನನ್ನ ಕೈಗೆ ಬಂತು.

ಸೋಲಿಸಿಬಿಡುತ್ತೇನೆಂದು ಬಾವಿಯ ಪದವನ್ನೇ ಎತ್ತಿದೆ. ಮಟಕಿಯಲ್ಲಿ ಆಕೆ ಹಾಡಿದಂತೆಯೇ, ಉಸಿರು ತೆಗೆದುಕೊಂಡ ಜಾಗವೂ ತಪ್ಪದಂತೆ ಹಾಡಿದೆ. ಮೌಲಾಸಾಬ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಅವನಿಗೆ ಗೊತ್ತಾಗಿತ್ತು. ಶಾಂತವ್ವ ಮಾತ್ರ ಕಣ್ಣು ಮುಚ್ಚಿ ಕೇಳಿದಳು.

ಮುಗಿದ ಮೇಲೆ ಯಾರ ಹತ್ತಿರ ಕಲಿತಿರಿ ಎಂದು ಕೇಳಿದಳು. ಮಟಕಿಯಲ್ಲಿ ಒಬ್ಬ ಹೆಣ್ಣುಮಗಳು ಹಾಡಿದ್ದನ್ನು ಕೇಳಿದೆ ಎಂದೆ.

“ಮನ್ನೆ ನಾನೂ ಅಲ್ಲೇ ಇದ್ದೆ, ಆಕಿ ನನಗ ಸಿಗಲಿಲ್ಲ ನೋಡ್ರಿ,” ಅಂದಳು. “ಎರಡನೇ ನುಡಿ ಎಷ್ಟ ಕೆಳಗ ಇಳಿಸ್ಯಾಳ. ನನಗ ಹಂಗ ಬರಂಗಿಲ್ರಿ. ಕೇಳಕೋತ ಹೊಟ್ಟಿಕಿಚ್ಚು ಬಂತು.”

ಮೌಲಾಸಾಬ ಟವೆಲ್ಲಿನಿಂದ ಮುಖ ಒರೆಸಿಕೊಳ್ಳತೊಡಗಿದ. ಶಾಂತವ್ವ ಏಕತಾರಿ ತೆಗೆದುಕೊಂಡು ಅದೇ ಪದವನ್ನು ಮೂರನೆಯ ರೀತಿ ಹಾಡಿದಳು. ಗಾಣದ ಎತ್ತುಗಳನ್ನು ಹೊಡೆಯುವವರೂ ನಿಂತುಬಿಟ್ಟರು. ನಾನು ಗುಂಡಿ ಒತ್ತುವುದನ್ನು ಮರೆತೆ. ಅದು ಹೇಗಿತ್ತೆಂದು ಈಗ ಕೇಳಿದರೆ ಹೇಳಲಾರೆ.

ಸಂಜೆ ಆಳಂದಕ್ಕೆ ಬಂದಿಳಿದೆ. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ, ನನ್ನ ಹಾಡು ಕೇಳಿ ಶಾಂತವ್ವನಿಗೆ ಹೊಟ್ಟೆಕಿಚ್ಚು ಬಂತೆಂದು. ಹೆಡ್‌ಮಾಸ್ತರರು ಎದ್ದು ಕೈ ಕುಲುಕಿದರು. ಆ ಹಾಡು ಯಾರದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.